ಡಿಕ್ಕಿಯೊಳಗೆ

ರಾತ್ರಿಪಾಳಿಯಲ್ಲಿ ನಾನು
ಇನ್ನೂರಹತ್ತು ಮೆಗಾವ್ಯಾಟ್ ಕಾಯುವವಳು.
ಶಕ್ತಿನಗರದ ಕ್ವಾರ್ಟರ್ಸಿನ ಮುಂದೆ ನನ್ನ ಹಳೆ ಸ್ಯಾಂಟ್ರೊ
ಬೆಳಿಗ್ಗೆ ಕೆಮ್ಮಲೂ ಒಲ್ಲದು.

"ಹೊಸಾ ಬ್ಯಾಟರಿ ಬ್ಯಾಡ್ರಿ, ಏನೋ ಕುಡಿಯಾಕತ್ತೈತಿ"
ಅಂದ ಲಾಡ್ಲೇಸಾಬ, ಮೈನಸ್ ಬಿಚ್ಚಿ ನಡುವೆ ಮೀಟರಿಟ್ಟ.
ಸೊನ್ನೆ ಪಾಯಿಂಟ್ ನಾಲ್ಕು.
ಒಂದು ಚಹಾ ಮುಗಿಯಿತು, ಗಾಜಿನ ಮೇಲೆ ಹಾರುಬೂದಿ ಕೂತಿತು,
ಅಂಕಿ ಕದಲಲಿಲ್ಲ.

ಒಂದೊಂದೇ ಫ್ಯೂಸು ಕಿತ್ತ. ರೇಡಿಯೊ ಅಲ್ಲ. ಹಾರ್ನ್ ಅಲ್ಲ.
ಏಳನೆಯದಕ್ಕೆ
ದೊಪ್ಪನೆ ಬಿತ್ತು.

ಡಿಕ್ಕಿಯ ದೀಪ!
ಗಾಳಿಯಿಲ್ಲದ ಸ್ಟೆಪ್ನಿಗೂ ಅರ್ಧಚೀಲ ಸೋನಾಮಸೂರಿಗೂ
ಎಷ್ಟು ರಾತ್ರಿ ಬೆಳಕು ಹಿಡಿದಿತ್ತೋ.

ಸ್ವಿಚ್ಚಿನ ತುಕ್ಕು ತಿಕ್ಕಿದ.
ಮುಚ್ಚಿದ ಮೇಲೆ ಆರಿತೋ ಇಲ್ಲವೋ, ಹೇಗೆ ಗೊತ್ತು?
ವಿಡಿಯೊ ಹಚ್ಚಿ ಫೋನನ್ನೇ ಒಳಗಿಟ್ಟ.

ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು
ಒಂದು ನಿಮಿಷದ ಕತ್ತಲೆಯನ್ನು
ಕಣ್ಣು ಮಿಟುಕಿಸದೆ ನೋಡಿದೆವು.