ಕ್ರಿಯಾಪದ ಬರುವ ಮುಂಚೆ

ತರಬೇತಿಯ ಪೆಂಡಸೆ ಮೇಡಂ ಹೇಳಿದ್ದು ಇಷ್ಟು:
ನಿದ್ದೆಗೆ ಜಾರುವ ಹತ್ತು ನಿಮಿಷ ಮುಂಚೆ
ಒಳಮನಸ್ಸಿನ ಚಿಲಕ ಸಡಿಲಾಗಿರುತ್ತದೆ.
ಬೇಕಾದ್ದನ್ನು ಆಗ ಒಳಗೆ ಬಿಡಿ.
'ಆಗಲಿ' ಅನ್ನಬೇಡಿ, ಅದು ಭಿಕ್ಷೆ.
'ಆಗಿದೆ' ಅನ್ನಿ. 'ಇಲ್ಲ' ಎಂಬ ಮಾತು
ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಠಾಣೆಯ ಆ ಹಾಲಿನಲ್ಲಿ ಎಂಬತ್ತು ವಿಮಾ ಏಜೆಂಟರು
ಮರಾಠಿಯಲ್ಲಿ ಬರೆದುಕೊಂಡರು.
ನಾನು ಕನ್ನಡದಲ್ಲಿ. ಯಾಕೆಂದರೆ
ಲೋಕಲಿನಲ್ಲಿ ಹಿಂದಿ, ತರಕಾರಿಗೆ ಮರಾಠಿ,
ಬೆರಳು ಬಾಗಿಲಿಗೆ ಸಿಕ್ಕಿದಾಗ ಮಾತ್ರ
'ಯವ್ವಾ' ಅನ್ನುತ್ತೇನೆ.
ಒಳಗಿರುವಾಕೆಗೆ ಅದೊಂದೇ ಬರುತ್ತಿರಬೇಕು.

ಭಾಂಡುಪ್, ಗುಡ್ಡದ ಮೇಲಿನ ಖೋಲಿ. ಹನ್ನೊಂದೂ ಮುಕ್ಕಾಲು.
ಗೋಡೆಯ ಕಡೆ ಮಗಳು, ಬಾಗಿಲ ಕಡೆ ಸಾಯಬಣ್ಣ,
ನಡುವೆ ನಾನು. ಅಂಗಾತ ಮಲಗುವಷ್ಟು ಜಾಗವಿಲ್ಲ
(ಇಲ್ಲ ಅನ್ನಬಾರದು)
ಮಗ್ಗುಲಾಗುವಷ್ಟು ಜಾಗ ಇದೆ.
ಕಣ್ಣು ಮುಚ್ಚಿ ಶುರುಮಾಡುತ್ತೇನೆ:

ನನ್ನ ಹೆಸರಿನಲ್ಲಿ, ಮುಲುಂಡಿನಲ್ಲಿ, ನಾಲ್ಕನೇ ಮಾಳಿಗೆಯಲ್ಲಿ,
ಲಿಫ್ಟಿನ ಪಕ್ಕಕ್ಕೆ ಬೇಡ, ಬೆಳಗಿನ ಬಿಸಿಲು ಬೀಳುವ ಕಡೆ,
ಒಳಗೇ ಕಕ್ಕಸು, ಬಟ್ಟೆ ಹರವಲು ಗ್ಯಾಲರಿ ಇರುವ
ಒಂದು

ಅಷ್ಟಕ್ಕೆ ನಿದ್ದೆ.

ದಿನಾ ಹೀಗೇ. ನಮ್ಮ ಭಾಷೆಯಲ್ಲಿ
ಕ್ರಿಯಾಪದ ಕೊನೆಯ ಲೋಕಲು.
ಅದು ಬರುವ ತನಕ ಪ್ಲಾಟ್‌ಫಾರ್ಮಿನಲ್ಲಿ
ಎಚ್ಚರವಿರುವವರು ಯಾರು?

ಒಳಗಿರುವಾಕೆ ಪಾಪ ಕಾದಿರಬೇಕು,
ನನ್ನ ಸಾಮಾನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು:
ಒಂದು... ಏನವ್ವಾ? ಕೊಂಡೆಯಾ? ಮಾರಿದೆಯಾ?
ಸುಟ್ಟುಹೋಯಿತಾ? ಕನಸಿಗೆ ಏನಂತ ಕಳಿಸಲಿ?
ಸಿಕ್ಕಿದ್ದನ್ನೇ ಕಳಿಸುತ್ತಾಳೆ:
ಮನೆಯೇ ಇರದ ಗ್ಯಾಲರಿ ಆಕಾಶದಲ್ಲಿ,
ಮೂರು ಹಗ್ಗ, ನೀರು ತೊಟ್ಟಿಕ್ಕುವ ಮಗಳ ಯೂನಿಫಾರ್ಮು,
ಕೆಳಗೆ ಯಾರ ಅಂಗಳದ ಬಿಸಿಲೋ.

ಸಾಯಬಣ್ಣನಿಗೆ ಹೇಳಿದೆ. ಕುರ್ಲಾದಲ್ಲಿ ಟೈರಿನ ಕೆಲಸ ಅವನದು.
ಉಗುರಿನ ಕಪ್ಪು ಕೆದರುತ್ತ ಅಂದ:
'ಸವದರ ಹಿಂದಿಂದು ಮುಂದ ಹಾಕಬೇಕು.'

ನಿನ್ನೆ ರಾತ್ರಿ ಹಾಕಿದೆ.
ಇದೆ, ಅಂದೆ ಮೊದಲಿಗೇ.
ಏನು ಎಂದು ಹೇಳುವಷ್ಟರಲ್ಲಿ
ಮಗಳ ಮೊಣಕಾಲು ಬಂದು ಸೊಂಟಕ್ಕೆ ನಾಟಿತು,
ಪಕ್ಕದ ಖೋಲಿಯ ಮಿಕ್ಸರು ನಿಂತಿತು,
ಕಾಂಜೂರಿನ ಕಡೆ ಗಾಡಿಯೊಂದು ಕೂಗಿತು.
ಇದೆ, ಅಂದೆ ಪ್ರತಿಯೊಂದಕ್ಕೂ. ಇದೆ, ಇದೆ.
ಮುಲುಂಡಿನ ಸರದಿ ಬರುವ ಮೊದಲೇ
ಚಿಲಕ ಬಿದ್ದಿತ್ತು.

ಒಳಗಿರುವಾಕೆ ಏನು ತಿಳಿದುಕೊಂಡಳೋ.
ಬೆಳಿಗ್ಗೆ ಎದ್ದರೆ ಸೊಂಟ ಹಿಡಿದುಕೊಂಡಿತ್ತು.
ಸೋಮವಾರ ಪೆಂಡಸೆ ಮೇಡಂಗೆ
ಏನು ಆಗಿದೆ ಅನ್ನಲಿ.