ಒಳಂಬಾ

ಮೊದಲ ಸಲ ಗುಡುಗಿದಾಗ ಖಣಿಯಾಗ ಮದ್ದು ಹಾರಿಸ್ಯಾರ ಅಂದ್ರು.
ಎರಡನೇ ಸಲ ಸಿಮೆಂಟ್ ಫ್ಯಾಕ್ಟರಿ ಕಡೆ ಬೆರಳು ಮಾಡಿದ್ರು.
ಮೂರನೇದಕ್ಕ ಗೂಡಿನ್ಯಾಗಿನ ಲೋಬಾನದ ಬಟ್ಟಲು ಬಿತ್ತು,
ಯಾರೂ ಏನೂ ಅನಲಿಲ್ಲ.
ಹಾಸಿಗಿ ಎತಗೊಂಡು ಸಾಲಿ ಬಯಲಿಗೆ ಹೋದೆವು.
ತೊಗರಿ ಹೂವಿನ ಕಾಲ. ಸೊಳ್ಳಿ ಹೇಳತೀರದು.

ನಾ ಗೌಂಡಿ ಲಾಡ್ಲೇಸಾಬ.
ಈ ಊರಾಗ ಅರವತ್ತೆರಡು ಮನಿ ಕಟ್ಟೀನಿ.
ಗೋಡಿ ಎರಡು ಮೊಳ ದಪ್ಪ, ಮ್ಯಾಲ ಶಹಾಬಾದ ಪರಸಿ,
ಪರಸಿ ಮ್ಯಾಲ ಗೇಣುದ್ದ ಮಣ್ಣು.
ಬಿಸಿಲು ಒಳಗ ಬರಬೇಕಂದ್ರ
ನನ್ನ ಚೀಟಿ ತರಬೇಕು ಅಂತ ನಕ್ಕೊಂತ ಹೇಳತಿದ್ದೆ.
ಆ ತಂಪಿನ ತೂಕ ಎಷ್ಟಂತ ಯಾರೂ ಕೇಳಿರಲಿಲ್ಲ.

ಕೇಳಿದಾಕಿ ನೇಪಾಳದಿಂದ ಬಂದಳು.
ಚಿಂಚೋಳಿ ಬಸ್ಸಿನಿಂದ ಇಳದ ಸಣ್ಣ ಆಳು.
ಅಂಗೈ ನೋಡಿದೆ, ಸುಣ್ಣ ತಿಂದ ಅಂಗೈ.
ನಮ್ಮ ಪೈಕಿ.
ಜೋಡಿ ಬಂದ ಸಾಹೇಬರ ಬಗಲಾಗ ಫೈಲು,
ಫೈಲಿನ ಮ್ಯಾಲ ಮೂರು ದೇಶದ ಝಂಡಾ.
ಸೂನಮಾಯಾನ ಚೀಲದಾಗ ಹಿತ್ತಾಳಿ ಒಳಂಬಾ,
ತುದಿ ಸವದದ್ದು.

ಮೊದಲು ನನ್ನ ಮನಿಗೇ ಬಂದಳು.
ಕತ್ತೆತ್ತಿ ಪರಸಿ ಎಣಿಸಿದಳು.
ಅಕಿ ಹಿಂದಿ ಮುರುಕು, ನನ್ನ ಉರ್ದು ಬೆರಕಿ.
"ಇದರ ಕೆಳಗ ಯಾರು ಮಲಗತಾರ?"
ಬಾಗಿಲಾಗ ಮೊಮ್ಮಗಳು ನಿಂತಿದ್ದಳು, ಕೈಯಾಗ ರೊಟ್ಟಿ.
ನಾ ಬಾಯಿ ಬಿಡಲಿಲ್ಲ. ಸಿಟ್ಟು ಬಂದಿತ್ತು.
ಅರವತ್ತೆರಡು ಮನಿ
ಒಂದೇ ಪ್ರಶ್ನಿಗೆ ಕೆಡವಿದಂಗ.

ಆಮ್ಯಾಲ ಚಹಾ ಕುಡಿಯೋ ಮುಂದ ಅಕಿನೇ ಹೇಳಿದಳು,
ತಾನು ಕಟ್ಟಿದ ಗೋಡಿ ಗಂಡನ ಮ್ಯಾಲ ಬಿದ್ದದ್ದು.
ಅಳಲಿಲ್ಲ. ಬಶಿ ಕೆಳಗಿಟ್ಟು ಕೈಲೆ ತೋರಿಸಿದಳು:
ಹೊರಗ ಒಂದು ಸಾಲು ಕಲ್ಲು, ಒಳಗ ಒಂದು ಸಾಲು,
ನಡಕ ಬರೇ ಚೂರು, ಮಣ್ಣು.
"ಎರಡೂ ಕೂಡಿ ಒಂದೇ ಗೋಡಿ ಅಂತ ತಿಳದಿದ್ದೆ.
ನೆಲ ಅಲುಗಿದಾಗ ಇದು ಈ ಕಡೆ, ಅದು ಆ ಕಡೆ."

ಹದಿನೇಳು ದಿನ ಇದ್ದಳು.
ಗೋಡಿ ಆರಪಾರ ಹೋಗೋ ಉದ್ದ ಕಲ್ಲು ಇಡಸಿದಳು.
ಅದಕ್ಕ ಬೀಗರ ಕಲ್ಲು ಅಂತ ಹೆಸರಿಟ್ಟೆವು,
ಎರಡು ಮನಿ ಹಿಡಕೊಂಡು ನಿಲ್ಲತದಲ್ಲ, ಅದಕ್ಕ.
ಅದರ ನೇಪಾಳಿ ಹೆಸರಿಗೆ ನನ್ನ ನಾಲಿಗಿ ಹೊಳ್ಳಲಿಲ್ಲ.
ಅಕಿಗೆ ಬೀಗರ ಬರಲಿಲ್ಲ, ಬಿಗಾರಿ ಅಂತಿದ್ದಳು.
ಕೆಲಸ ನಿಲ್ಲಲಿಲ್ಲ.
ಪರಸಿ ಇಳಿಸಿ ತಗಡು ಹಾಕು ಅಂದಾಗ ಮಾತ್ರ ಜಗಳಾತು.
"ಅಕ್ಕಾ, ಮೇ ತಿಂಗಳಾಗ ಒಂದು ಮಧ್ಯಾಹ್ನ ತಗಡಿನ ತಳಗ ಕೂತು ನೋಡು,
ಭೂಕಂಪಕ್ಕ ಕಾಯೋದೇ ಬ್ಯಾಡ."
ನಕ್ಕಳು. ಇಬ್ಬರೂ ಕೂಡಿ ತಗಡಿನ ತಳಗ
ತೊಗರಿ ಕಟಗಿ ತಟ್ಟಿ ಹೆಣದು, ಮಣ್ಣು ಮೆತ್ತಿದೆವು.
ಇದು ಅವರ ಕಡೆ ಇಲ್ಲ. ಫೋಟೋ ತಕ್ಕೊಂಡಳು.

ಫೈಲಿನ್ಯಾಗಿನ ರೊಕ್ಕ ಹನ್ನೊಂದು ಮನಿಗೆ ಮುಗೀತು.
ಹೋಗೋ ಮುಂದ ಒಳಂಬಾ ಬದಲಿ ಮಾಡಕೊಂಡೆವು.
ನನ್ನ ಕಬ್ಬಿಣದ್ದು ಅಕಿ ಒಯ್ದಳು.
ಎಲ್ಲಿ ಇಳಿಬಿಟ್ಟರೂ ಅದು ನೆಲಾನೇ ತೋರಸ್ತದ.

ಹಿತ್ತಾಳಿದು ಈಗ ಪಡಸಾಲಿ ಮಳಿಗೆ ತೂಗತದ.
ರಾತ್ರಿ ಉಚ್ಚಿಗೆ ಎದ್ದಾಗ ಬ್ಯಾಟರಿ ಹಾಕಿ ನೋಡತೀನಿ.
ಹೋದ ವಾರ ಗಾಳಿ ಇಲ್ಲದ ಹೊತ್ತಿನ್ಯಾಗ ಅಲುಗಿತು.
ನಾ ಕೂಗೋದರಾಗ ಮೊಮ್ಮಗಳು ಅಂಗಳದಾಗಿದ್ದಳು,
ಚಪ್ಪಲಿ ಸೈತ ಹಾಕ್ಕೊಂಡು.
ಗೋಡಿ ಕರಕರ ಅಂತು. ನಿಂತಿತ್ತು.

ಅಲ್ಲೇ ನಿಂತು ಫೋನಿಗೆ ಮಾತು ತುಂಬಿ ಕಳಿಸಿದೆ:
ಅಕ್ಕಾ, ಬಿಗಾರಿ ಕಲ್ಲು ಹಿಡೀತು.

ನಸುಕಿನ್ಯಾಗ ಉತ್ತರ ಬಂತು, ಹಿಂದ ಮಳಿ ಸಪ್ಪಳ.
ಅವರ ಗುಡ್ಡ ಜರದದ. ರಸ್ತಾ ಇಲ್ಲ.
ತಗಡಿನ ಮ್ಯಾಲಿನ ಸಪ್ಪಳಕ್ಕ
ಹುಡುಗರು ಬೆಚ್ಚಿ ಮಲಗವಲ್ಲವು.
"ತಟ್ಟಿ ಹೆಂಗ ಹೆಣದಿದ್ದಿ, ಮತ್ತೊಮ್ಮೆ ಹೇಳು.
ತೊಗರಿ ಇಲ್ಲ, ಬಿದಿರು ಅದ."

ಬಾಯಿಲೆ ಹೇಳೋದಲ್ಲ ಅದು.
ಫೋನು ಮೊಮ್ಮಗಳ ಕೈಗೆ ಕೊಟ್ಟು
ಬೆಳಕಿಗೆ ಮಾರಿ ಮಾಡಿ ಕೂತೆ.
ಒಂದು ಮ್ಯಾಲ, ಎರಡು ತಳಗ.
ಅಂಗಳದ ಆಚಿಗೆ ಐವತ್ತೊಂದು ಮನಿ
ಇನ್ನೂ ಪರಸಿ ತಳಗೇ ಮಲಗಿದ್ದವು.
ಒಂದು ಮ್ಯಾಲ,
ಸಾವಕಾಶ ತೋರಿಸು ಅಜ್ಜಾ, ಅಂತು ಹುಡುಗಿ,
ಅಕಿಗೆ ಕಾಣಬೇಕಲ್ಲ.