ಎಣಿಕಿ

ಶೇಂಗಾ ಹೋಳಿಗಿ ಬೇಯುವಾಗ
ಅಂಚು ಎದ್ದು ಸಣ್ಣಗ ಸಿಳ್ಳು ಹಾಕತದ,
ಬೆಲ್ಲ ಒಳಗಿಂದೊಳಗ ಕರಗಿ
ಶೇಂಗಾದ ಎಣ್ಣಿಗೆ ಏನೋ ಹೇಳತದ.
ಆರಿದ ಮ್ಯಾಲ ಸುಮ್ಮನಾಗತದ.
ಮುರಿದರ ಮಾತ್ರ ಮತ್ತ
ಕಟ್ ಅಂತದ.

ಆ ಕಟ್ ಅನ್ನೂದಕ್ಕ ನಾ ಭಾಳ ಹೆದರತಿದ್ದೆ.

ಸೋಲಾಪುರದ ಚಾಳು, ಒಂದೂವರೆ ಖೋಲಿ.
ಲಗ್ನಾಗಿ ಹದಿನೇಳು ದಿನ.
ಗಂಡ ಟಾವೆಲ್ ಕಾರ್ಖಾನ್ಯಾಗ, ರಾತ್ರಿಪಾಳಿ.
ಓಣಿ ತುಂಬ ಮಗ್ಗದ ಖಟಖಟ.
ಮಾವ ಹೊರಗ ಕಟ್ಟಿ ಮ್ಯಾಲ,
ಅತ್ತಿ ಭೌರವ್ವ ಒಳಗ, ಗೋಡಿ ಕಡೆ ಮಾರಿ ಮಾಡಿ.
ಆಕಿ ತಲಿದೆಸಿಗೆ ಟ್ರಂಕು,
ಟ್ರಂಕಿನ್ಯಾಗ ಹಳೇ ಚಾದರ,
ಚಾದರದಾಗ ಸುತ್ತಿಟ್ಟ ಸ್ಟೀಲಿನ ಡಬ್ಬಿ,
ಎಳ್ಳಮಾಸಿಗೆ ಮಾಡಿ ಉಳದ ಹೋಳಿಗಿ.
ಡಬ್ಬಿ ಗಂಡಸರ ಹೆಸರಿಂದು.
ಹಂಚಿನ ಮ್ಯಾಲ ಹರದದ್ದು, ಅಡಿ ಹೊತ್ತಿದ್ದು
ನಮ್ಮ ಪಾಲಿಂದು.

ಬೆಳಗಾದರ ಭೌರವ್ವ ಡಬ್ಬಿ ತಗದು
ಮಾವಗ ಕೇಳೂ ಹಂಗ ಎಣಿಸಾಕಿ, ಮರಾಠ್ಯಾಗ.
ರೊಕ್ಕ, ಬೀಡಿ ಕಟ್ಟು, ಹೋಳಿಗಿ,
ಎಣಿಸೂದೆಲ್ಲಾ ಮರಾಠ್ಯಾಗ;
ಬೈಯೂದು, ದೇವರಿಗೆ ಕೈ ಮುಗಿಯೂದು ಕನ್ನಡದಾಗ.
ಎಕ್, ದೋನ್, ತೀನ್...
ಚೋವೀಸ್.
ಹೊರಗಿಂದ ಮಾವ: ಬರೋಬರ್.

ಮೊದಲನೇ ರಾತ್ರಿ ನಾ ಒಂದು ಕದ್ದೆ.
ಮುಂಜಾನೆ: ಚೋವೀಸ್.
ಮರುದಿನ ರಾತ್ರಿ ಎರಡು.
ಮುಂಜಾನೆ: ಚೋವೀಸ್.
ಎದಿ ಡಬಡಬ. ಇದೇನು
ಸಿದ್ದೇಶ್ವರಪ್ಪನ ಪವಾಡೋ,
ನನಗ ಲೆಕ್ಕ ಬರೂದಿಲ್ಲೋ?
ಪವಾಡ ಅಂದ ಮ್ಯಾಲ ಹೆದರೂದ್ಯಾಕ,
ಮೂರನೇ ರಾತ್ರಿ ಮೂರು.

ಕದ್ದ ಹೋಳಿಗಿ ತಿನ್ನೂದು ಒಂದು ವಿದ್ಯಾ.
ಮಗ್ಗ ಜೋರು ಹೊಡಕೊಳ್ಳೂ ಹೊತ್ತು ನೋಡಿ
ತುಟಿ ಒಳಗ ಇಟ್ಟು ಮುರೀಬೇಕು.
ಆಮ್ಯಾಲ ಹಲ್ಲಿಗೆ ಕೆಲಸಿಲ್ಲ,
ನಾಲಿಗಿ ಮ್ಯಾಲ ಬಿಟ್ಟು ಕಾಯಬೇಕು.
ಮೊದಲ ಬರೂದು ಎಳ್ಳು,
ಹುರದ ವಾಸನಿ ಮೂಗಿನ ಹಿಂದ ಏರತದ.
ಹಿಂದಿಂದ ಬೆಲ್ಲ, ಒಮ್ಮೆಲೇ ಅಲ್ಲ,
ಸಾಲಕ್ಕ ಬಂದವರು ಮಾತು ತಗದಂಗ ಸುತ್ತಿ ಬಳಸಿ.
ಕಡೀಕ ಶೇಂಗಾ,
ಜಿಡ್ಡಾಗಿ ದವಡಿಗೆ ಹತ್ತಿ ಕುಂತು
ಏಳಂದರ ಏಳೂದಿಲ್ಲ.
ತವರಿನ್ಯಾಗ ನಾ ಹೋಳಿಗಿ ನುಂಗತಿದ್ದೆ.
ತಿನ್ನೂದು ಕಲತದ್ದು ಇಲ್ಲೇ, ಕತ್ತಲದಾಗ.

ನಾಕನೇ ರಾತ್ರಿ
ಬಾಯಾಗ ತುಣುಕು, ಕೈಯಾಗ ಉಳದದ್ದು,
ಫಟ್ಟನ ಕರೆಂಟ್ ಹೋತು.
ಮಗ್ಗ ಎಲ್ಲಾ ನಿಂತವು.
ಎಲ್ಲೋ ಒಂದು ನಾಯಿ ಬೊಗಳಿ, ತಾನೂ ಬಿಟ್ಟಿತು.
ನಾ ಅಲ್ಲಾಡಲಿಲ್ಲ. ನುಂಗಲಿಲ್ಲ.
ಆಗ ಟ್ರಂಕಿನ ಆ ಕಡಿಂದ

ಕಟ್.

ಆಮ್ಯಾಲ ಬಸಿಯಾಗ ಏನೋ ಅದ್ದಿದ ಸಪ್ಪಳ,
ಸಂಜಿ ಉಳದ ತಣ್ಣನ ಚಾದಾಗ.
ದವಡಿ ಹಲ್ಲಿಲ್ಲದಾಕಿ, ಪಾಪ, ನೆನಸೇ ತಿನ್ನಬೇಕು.

ಇಬ್ಬರೂ ಉಸಿರು ಹಿಡದೀವಿ.
ಇಬ್ಬರ ಬಾಯೂ ತುಂಬೇದ.
"ಎಷ್ಟನೇದು?" ಕತ್ತಲಿ ಕೇಳಿತು.
"ಏಳನೇದ್ರಿ."
ಲೆಕ್ಕ ಹಾಕಿದಳು, ಈ ಸಲ ಕನ್ನಡದಾಗ.
"ನಂದು ಒಂಬತ್ತು.
ಡಬ್ಬ್ಯಾಗ ಎಂಟು ಅದಾವ,
ನಾ ಇನ್ನೂ ಚೋವೀಸ್ ಚೋವೀಸ್ ಅಂತ ಒದರಾಕತ್ತೀನಿ!
ಮೂವತ್ತು ವರ್ಷ ಒಬ್ಬಾಕಿ ಕಳವು ಮುಚ್ಚಿದ ಎಣಿಕಿ,
ಇಬ್ಬರದು ತಡೀತದೇನು, ಮೂಳಿ?"

ಬೈದಳು ಅಂತ ಅಳಬೇಕೋ,
ಕನ್ನಡದಾಗ ಬೈದಳು ಅಂತ ನಗಬೇಕೋ.
ಅಷ್ಟರಾಗ ಬಸಿ ನನ್ನ ಕಡೆ ಸರದು ಬಂತು.
ಚಾದಾಗ ಅದ್ದಿದ ಹೋಳಿಗಿ ಬ್ಯಾರೆನೇ ರುಚಿ,
ಏಲಕ್ಕಿ ಆಗ ಎಚ್ಚರಾಗತದ.
ಮಗ್ಗ ತಿರುಗಿ ಶುರುವಾದವು.
ಇನ್ನ ಮೆಲ್ಲಗ ಮುರಿಯೂ ಜರೂರೇ ಇರಲಿಲ್ಲ.

ಮುಂಜಾನೆ ಖಾಲಿ ಡಬ್ಬಿ ತೊಡಿ ಮ್ಯಾಲ ಇಟಗೊಂಡು
ಭೌರವ್ವ ಎಣಿಸಾಕ ಕುಂತಳು.
ಹದಿನಾರಕ್ಕ ಬಂದು ಕೆಮ್ಮು ಹತ್ತಿತು,
ಖರೇನೋ ನಗೀನೋ ತಿಳೀಲಿಲ್ಲ.
ಹೊರಗ ಮಾವ ಕಾಯಾಕತ್ತಿದ್ದ.
ನಾ ಒಲಿ ಮುಂದಿಂದ ಎದ್ದು,
ದವಡಿಗೆ ಹತ್ತಿದ ಬೆಲ್ಲ ನಾಲಿಗಿಲೆ ಬಿಡಿಸಿಕೊಂತ,
ಸತ್ರಾ, ಅಂದೆ.
ಅಠರಾ.